ಬರೆಯೋಕೆ ಬರುತ್ತದೆ, ಮಾತಾಡೋಕೆ ಹೋದರೆ ಇಂಗ್ಲಿಷ್ ಗಂಟಲಲ್ಲೇ ನಿಲ್ಲುತ್ತದೆ. ಎಂತ ಮಾಡೋದು?

ಸುಂಕೇರಿ ಹುಡುಗಿ · ಬುಧವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಾನು ಕಾರವಾರದವಳು. ಎಂ.ಎಸ್ಸಿ ಮೊದಲ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಕೊಂಕಣಿ. ಪಿಯುಸಿ ಸೈನ್ಸ್ ಸೇರಿದ ದಿನದಿಂದ ಪಾಠವೆಲ್ಲ ಇಂಗ್ಲಿಷ್. ಮೊದಲ ಆರು ತಿಂಗಳು ಅತ್ತಿದ್ದೇನೆ, ಆಮೇಲೆ ಹೊಂದಿಕೊಂಡೆ. ಈಗ ಓದಿದರೆ ಅರ್ಥವಾಗುತ್ತದೆ, ಬರೆದರೆ ಒಳ್ಳೆ ಮಾರ್ಕ್ಸ್ ಬರುತ್ತದೆ. ಬಾಯಿ ಬಿಟ್ಟರೆ ಮಾತ್ರ ಮುಗಿಯಿತು.

ಸೋಮವಾರ ನನ್ನ ಸೆಮಿನಾರ್ ಇತ್ತು. ವಿಷಯ ನಾನೇ ಆರಿಸಿಕೊಂಡದ್ದು, ಮಳೆಗಾಲದ ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅಪ್ಪ ಬೋಟಿಗೆ ಹೋಗುವವರು. ನಮ್ಮ ಮನೆಗೆ ಇದು ಸಿಲೆಬಸ್ ಅಲ್ಲ, ಎರಡು ತಿಂಗಳ ಅಕ್ಕಿಯ ಲೆಕ್ಕ. ಹಾಗಾಗಿ ವಿಷಯ ಗೊತ್ತಿಲ್ಲ ಅನ್ನುವ ಭಯ ಇರಲೇ ಇಲ್ಲ. ಸ್ಲೈಡ್ ನೋಡಿಕೊಂಡು ಹತ್ತು ನಿಮಿಷ ಹೇಗೋ ಮುಗಿಸಿದೆ.

ಆಮೇಲೆ ಮೇಡಂ ಕೇಳಿದರು, ಈ ಎರಡೇ ತಿಂಗಳು ಯಾಕೆ ಅಂತ. ಎಷ್ಟು ಸುಲಭದ ಪ್ರಶ್ನೆ! ಸುಮಾರು ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು. ಉತ್ತರ ತಲೆಯಲ್ಲಿ ಕನ್ನಡದಲ್ಲೂ ಇತ್ತು, ಕೊಂಕಣಿಯಲ್ಲೂ ಇತ್ತು. ಸ್ಪಾನಿಂಗ್ ಅನ್ನುವ ಪದ ನನ್ನದೇ ಮೂರನೇ ಸ್ಲೈಡಿನಲ್ಲಿತ್ತು. ಬಾಯಿಗೆ ಬಂದದ್ದು ಮಾತ್ರ, 'ಫಿಶ್... ದಟ್ ಟೈಮ್... ಎಗ್ ಪುಟಿಂಗ್ ಮೇಡಂ.'

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕೈ ನಡುಗಿತು. ಕೈಯಲ್ಲಿ ಲೇಸರ್ ಪಾಯಿಂಟರ್ ಇತ್ತು, ಆ ಕೆಂಪು ಚುಕ್ಕೆ ಗೋಡೆ ತುಂಬಾ ಕುಣಿಯಿತು. ಅದನ್ನು ನೋಡಿ ಇಡೀ ಕ್ಲಾಸ್ ನಕ್ಕಿತು. ಅವತ್ತಿಂದ ಕ್ಲಾಸಿನಲ್ಲಿ ಬಾಯಿಯೇ ತೆರೆದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಾನ್ಫಿಡೆನ್ಸ್ ಇಲ್ಲದ್ದಕ್ಕೆ ಇಂಗ್ಲಿಷ್ ಬರುತ್ತಿಲ್ಲವೋ, ಇಂಗ್ಲಿಷ್ ಬರದ್ದಕ್ಕೆ ಕಾನ್ಫಿಡೆನ್ಸ್ ಇಲ್ಲವೋ? ಯಾವುದನ್ನು ಮೊದಲು ಸರಿ ಮಾಡಿಕೊಳ್ಳಲಿ?

ಬಂಗಡೆ ಫ್ರೈ · ರಾತ್ರಿ 9:20

ಎಗ್ ಪುಟಿಂಗ್ ಅಂದರೆ ಮೀನಿಗೂ ಅರ್ಥ ಆಗುತ್ತದೆ ಮಾರಾಯ್ತಿ. ಬಿಡು.

ನೇರ ಮಾತು · ರಾತ್ರಿ 9:34

ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ಈ ಕಾನ್ಫಿಡೆನ್ಸ್ ಅನ್ನುವುದೇ ದೊಡ್ಡ ವ್ಯಾಪಾರ ಆಗಿದೆ. ಸಣ್ಣ ಊರಲ್ಲೂ ಸ್ಪೋಕನ್ ಇಂಗ್ಲಿಷ್ ಬೋರ್ಡು, 30 ದಿನದಲ್ಲಿ ಭಯ ಮಾಯ. ಅಂಗಡಿಯಲ್ಲಿ ಸಾಮಾನೇ ಇಲ್ಲದಿದ್ದರೆ ಬಾಗಿಲು ತೆರೆದು ಏನು ಪ್ರಯೋಜನ? ನಿಮಗೆ ಪದ ಬರಲಿಲ್ಲ. ಬಂದಿದ್ದರೆ ಕೈ ನಡುಗುತ್ತಿರಲಿಲ್ಲ. ದಿನಾ ಒಂದು ಗಂಟೆ ಓದಿ, ಒಂದು ಗಂಟೆ ಕೇಳಿ. ಧೈರ್ಯ ತಾನಾಗಿ ಬರುತ್ತದೆ.

ಸುಂಕೇರಿ ಹುಡುಗಿ · ರಾತ್ರಿ 9:41

@ನೇರ ಮಾತು, ಪದ ಇತ್ತು ಅಂತ ಹೇಳಿದೆನಲ್ಲ. ಮೂರನೇ ಸ್ಲೈಡಿನಲ್ಲಿ ನಾನೇ ಟೈಪ್ ಮಾಡಿದ್ದೆ. ಸೆಮಿನಾರ್ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಪೂರ್ತಿ ವಾಕ್ಯ ಬಾಯಲ್ಲಿತ್ತು, ಗ್ರಾಮರ್ ಸಮೇತ. ಯಾರಿಗೆ ಹೇಳಲಿ, ಕಂಡಕ್ಟರಿಗಾ?

ಘಟ್ಟದ ಮೇಲಿನವ · ರಾತ್ರಿ 10:05

ಸಿರ್ಸಿಯವ, ಈಗ ಬೆಂಗಳೂರು. ನನ್ನ ಕಥೆ ಕೇಳಿ.

ಡಿಗ್ರಿ ಮುಗಿಯುವವರೆಗೆ ನಾನು ಬಾಯಿಬಿಟ್ಟು ಒಂದು ಇಡೀ ಇಂಗ್ಲಿಷ್ ವಾಕ್ಯ ಹೇಳಿದವನಲ್ಲ. ಹೇಳುವ ಅಗತ್ಯ ಎಲ್ಲಿತ್ತು? ತೋಟದಲ್ಲಿ ಅಡಿಕೆ ಕೊನೆ ಇಳಿಸುವವನ ಹತ್ತಿರ ಇಂಗ್ಲಿಷಾ? ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಕೂಡ ಕಾರಿಡಾರಿಗೆ ಬಂದರೆ ಕನ್ನಡ. ಗೆಳೆಯನ ಹತ್ತಿರ ಇಂಗ್ಲಿಷಲ್ಲಿ ಮಾತಾಡಿದರೆ 'ಎಂತದೋ, ಭಾರೀ ಇಂಗ್ಲಿಷ್ ಬಿಡ್ತಾ ಇದ್ದೀಯ' ಅಂತ ಬೆನ್ನಿಗೊಂದು ಬೀಳುತ್ತಿತ್ತು.

ಬೆಂಗಳೂರಿಗೆ ಬಂದಾಗ ರೂಮಿನಲ್ಲಿ ಸಿಕ್ಕವನು ಮಣಿಪುರದವ. ಅವನಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ. ಎರಡು ವಾರ ಇಬ್ಬರೂ ನಕ್ಕೊಂಡು ತಲೆ ಅಲ್ಲಾಡಿಸಿಕೊಂಡು ಕಳೆದೆವು. ಒಂದು ರಾತ್ರಿ ಗ್ಯಾಸ್ ಖಾಲಿ. ಹೋದ ಸಲ ಸಿಲಿಂಡರಿಗೆ ದುಡ್ಡು ಕೊಟ್ಟವನು ನಾನು. ಅವನು ಮತ್ತೆ ನನ್ನ ಮುಖ ನೋಡುತ್ತಿದ್ದಾನೆ! ಅವತ್ತು ಬಂತು ನೋಡಿ ಇಂಗ್ಲಿಷ್. ತಪ್ಪು ಇಂಗ್ಲಿಷೇ, ಆದರೆ ಧಾರಾಕಾರ. 'ಲಾಸ್ಟ್ ಟೈಮ್ ಮೈ ಮನಿ, ದಿಸ್ ಟೈಮ್ ಯುವರ್ ಮನಿ' ಅಂತ ಶುರುವಾದದ್ದು ಅರ್ಧ ಗಂಟೆ ನಡೆಯಿತು. ಅವನೂ ಬಿಡಲಿಲ್ಲ. ಕೊನೆಗೆ ಇಬ್ಬರೂ ಹೋಟೆಲಿಗೆ ಹೋಗಿ ಉಂಡೆವು. ಅಲ್ಲಿಂದ ಮುಂದೆ ದಿನಾ ಮಾತು.

ಈಗ ಆಫೀಸಿನಲ್ಲಿ ಹೊರದೇಶದ ಕ್ಲೈಂಟ್ ಜೊತೆ ಕಾಲ್ ಮಾಡುತ್ತೇನೆ. ಇಷ್ಟಾದರೂ ಊರಿನ ಗೆಳೆಯ ಪಕ್ಕದಲ್ಲಿದ್ದರೆ ಇವತ್ತಿಗೂ ಎದ್ದು ಹೊರಗೆ ಹೋಗಿ ಮಾತಾಡುತ್ತೇನೆ. ಯಾಕೆ ಅಂತ ನನಗೇ ಗೊತ್ತಿಲ್ಲ.

ಭಟ್ಕಳ ಮಲ್ಲಿಗೆ · ರಾತ್ರಿ 10:17

ಕೊನೆಯ ಎರಡು ಸಾಲು ನೂರಕ್ಕೆ ನೂರು ನಿಜ. ಹೊರಗಿನವರ ಮುಂದೆ ತಪ್ಪಿದರೆ ಏನೂ ಅನ್ನಿಸಲ್ಲ. ನಮ್ಮವರ ಮುಂದೆ ತಪ್ಪಿದರೂ ಕಷ್ಟ, ಸರಿಯಾಗಿ ಮಾತಾಡಿದರೂ ಕಷ್ಟ. ತಪ್ಪಿದರೆ ನಗು, ಸರಿ ಇದ್ದರೆ 'ಜಂಬ'. ಹುಡುಗಿಯರಿಗಂತೂ ಕೇಳಲೇಬೇಡಿ. ಮನೆಯಲ್ಲಿ ಫೋನಿನಲ್ಲಿ ನಾಲ್ಕು ಮಾತು ಇಂಗ್ಲಿಷ್ ಆಡಿದರೆ ಚಿಕ್ಕಮ್ಮ ಅಡುಗೆಮನೆಯಿಂದಲೇ 'ಮೇಡಮ್ಮೋರಿಗೆ ಚಾ ಬೇಕಾ' ಅಂತಾರೆ.

ಬಿ.ಎಡ್. ಬವಣೆ · ರಾತ್ರಿ 10:48

ಇಂಗ್ಲಿಷ್ ಎಂ.ಎ ಮಾಡಿ ಈಗ ಬಿ.ಎಡ್. ಸ್ವಲ್ಪ ಪುಸ್ತಕದ ಮಾತು ಆಡುತ್ತೇನೆ, ಸಹಿಸಿಕೊಳ್ಳಿ.

ಇದಕ್ಕೆ ಹೆಸರೇ ಇದೆ, ಪರಭಾಷೆ ತರಗತಿಯ ಆತಂಕ. 1986ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಎಲೈನ್ ಹಾರ್ವಿಟ್ಜ್ ಮತ್ತು ಇಬ್ಬರು ಸೇರಿ ಇದನ್ನು ಅಳೆಯೋಕೆ 33 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ನಾನು ಮಾತಾಡಿದರೆ ಕ್ಲಾಸಿನವರು ನಗುತ್ತಾರೆ ಅನ್ನುವ ಭಯ ನನಗಿದೆ ಅನ್ನುವ ಅರ್ಥದ್ದೇ ಒಂದು ಹೇಳಿಕೆ ಅದರಲ್ಲಿದೆ. ಅಂದರೆ ಸುಂಕೇರಿಯ ಹಿಂದಿನ ಬೆಂಚು ಟೆಕ್ಸಾಸಿನಲ್ಲೂ ಇತ್ತು.

1998ರಲ್ಲಿ ಕೆನಡಾದ ಪೀಟರ್ ಮ್ಯಾಕಿಂಟೈರ್ ಮತ್ತು ಸಂಗಡಿಗರು ಒಂದು ಪಿರಮಿಡ್ ಬರೆದರು. ತುದಿಯಲ್ಲಿ ಮಾತಾಡುವುದು. ಅದರ ಸ್ವಲ್ಪ ಕೆಳಗೆ 'ಈಗ ಮಾತಾಡೋಣ' ಅನ್ನುವ ಮನಸ್ಸು. ಭಾಷೆ ಎಷ್ಟು ಬರುತ್ತದೆ ಅನ್ನುವುದು ಅದಕ್ಕಿಂತ ಎಷ್ಟೋ ಕೆಳಗಿನ ಮೆಟ್ಟಿಲು. ಭಾಷೆ ಚೆನ್ನಾಗಿ ಬರುವವರೂ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಅರೆಬರೆ ಬರುವವರು ವಟವಟ ಅಂತಾರೆ. ಯಾಕೆ ಅನ್ನುವುದೇ ಅವರ ಪ್ರಶ್ನೆಯಾಗಿತ್ತು. ಇದೇ ವ್ಯಕ್ತಿ, ಈ ಕ್ಷಣ, ಇವರ ಮುಂದೆ: ಇದರ ಮೇಲೆ ಎಲ್ಲ ನಿಂತಿದೆ. ಮೇಡಂ ಒಬ್ಬರೇ ಇದ್ದಿದ್ದರೆ ಸ್ಪಾನಿಂಗ್ ಬಂದುಬಿಡುತ್ತಿತ್ತು ಅಲ್ವಾ?

ನೇರ ಮಾತು · ರಾತ್ರಿ 10:55

ಅಮೆರಿಕ, ಕೆನಡಾ. ನಮ್ಮ ಕುಮಟಾ ಬಸ್ಸಿಗೆ ಇದೆಲ್ಲ ಹತ್ತಲ್ಲ ಸಾರ್. ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂದರೆ ನಾನು ಈಗಲೂ ಹೇಳುತ್ತೇನೆ, ಭಾಷೆ ಮೊದಲು.

ಬಿ.ಎಡ್. ಬವಣೆ · ರಾತ್ರಿ 11:02

ಸಾರ್ ಅಲ್ಲ, ಮೇಡಂ. ನಿಮ್ಮ ಪಕ್ಷದವರೂ ಅಮೆರಿಕದಲ್ಲೇ ಇದ್ದಾರೆ, ಬೇಕಾದರೆ ಕೊಡುತ್ತೇನೆ. ರಿಚರ್ಡ್ ಸ್ಪಾರ್ಕ್ಸ್ ಮತ್ತು ಲಿಯೊನೋರ್ ಗಾನ್ಶೋ ಅಂತ. ಆತಂಕ ಕಾರಣ ಅಲ್ಲ, ಪರಿಣಾಮ, ಭಾಷೆ ಕಲಿಯುವ ಕಷ್ಟವೇ ಮೂಲ ಅಂತ 1990ರ ದಶಕದಲ್ಲಿ ಜೋರಾಗಿ ವಾದಿಸಿದರು. ಹಾರ್ವಿಟ್ಜ್ ಒಪ್ಪಲಿಲ್ಲ. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಹಾಗಾಗಿ ನೀವು ಪೂರಾ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಇವರ ವಿಷಯದಲ್ಲಿ ಪದ ಗೊತ್ತಿತ್ತು.

ಬಂಗಡೆ ಫ್ರೈ · ರಾತ್ರಿ 11:04

ಕೋಳಿ ಮೊಟ್ಟೆ ಬಂತಲ್ಲ ಮತ್ತೆ. ಎಗ್ ಪುಟಿಂಗ್.

ಓಂ ಬೀಚ್ · ಗುರುವಾರ, ಬೆಳಿಗ್ಗೆ 7:30

ಗೋಕರ್ಣದಲ್ಲಿ ನಮ್ಮದೊಂದು ಸಣ್ಣ ಗೆಸ್ಟ್ ಹೌಸ್ ಇದೆ. ನಮ್ಮಲ್ಲಿ ಕೆಲಸ ಮಾಡುವ ಹುಡುಗ ಎಸ್ಸೆಸ್ಸೆಲ್ಸಿ ಫೇಲು. ಇಂಗ್ಲಿಷಿನಲ್ಲೇ ಫೇಲು! ಈಗ ಫಾರಿನ್ನಿನವರ ಹತ್ತಿರ ಇಂಗ್ಲಿಷಲ್ಲಿ ಜಗಳ ಆಡುತ್ತಾನೆ, ಚೌಕಾಸಿ ಮಾಡುತ್ತಾನೆ, ಜೋಕ್ ಹೊಡೆಯುತ್ತಾನೆ. ಹೀಬ್ರೂ ನಾಲ್ಕು ಮಾತು, ರಷ್ಯನ್ ನಾಲ್ಕು ಮಾತು ಬೇರೆ. ನನ್ನ ತಂಗಿ ಎಂ.ಕಾಂ. ಗಿರಾಕಿ ಬಂದರೆ ಒಳಗೆ ಓಡಿ ಅವನನ್ನೇ ಕಳಿಸುತ್ತಾಳೆ. ವ್ಯತ್ಯಾಸ ಏನು ಅಂದರೆ, ಅವನಿಗೆ ರೂಮು ಹೋಗಬೇಕು. ಹೋದರೆ ಕಮಿಷನ್. ಅಷ್ಟೇ ಮೋಟಿವೇಶನ್.

ಯಲ್ಲಾಪುರ ಘಟ್ಟ · ಬೆಳಿಗ್ಗೆ 8:15

ಇದನ್ನು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಸಿಟ್ಟು ಬರುತ್ತದೆ. ಅವನ ಇಂಗ್ಲಿಷ್ 'ಸೀ ವ್ಯೂ ರೂಮ್, ಹಾಟ್ ವಾಟರ್, ನೋ ಪ್ರಾಬ್ಲಮ್'ಗೆ ಮುಗಿಯುತ್ತದೆ. ಅವನನ್ನು ಕರೆದುಕೊಂಡು ಬಂದು ಥರ್ಮೋಡೈನಮಿಕ್ಸ್ ವೈವಾದಲ್ಲಿ ಕೂರಿಸಿ ನೋಡೋಣ.

ಓಂ ಬೀಚ್ · ಬೆಳಿಗ್ಗೆ 8:22

ನಿಮ್ಮನ್ನು ಕರೆದುಕೊಂಡು ಬಂದು ನೆಟ್ಟಗೆ ಒಂದು ರೂಮು ಮಾರಿಸಿ ನೋಡೋಣ.

ಯಲ್ಲಾಪುರ ಘಟ್ಟ · ಬೆಳಿಗ್ಗೆ 8:40

ಸರಿ, ಒಪ್ಪಿದೆ 😄. ಆದರೆ ನನ್ನ ಅನುಭವ ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಕೊನೇ ವರ್ಷ. ಕ್ಯಾಂಪಸ್ ಇಂಟರ್‌ವ್ಯೂಗೆ ಅಂತ ಸೆಲ್ಫ್ ಇಂಟ್ರೊಡಕ್ಷನ್ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ್ದೆ. ಒಂದೂವರೆ ನಿಮಿಷ, ಉಸಿರು ಎಲ್ಲಿ ತಗೋಬೇಕು ಅನ್ನುವುದೂ ಫಿಕ್ಸ್. 'ಐ ಹೇಲ್ ಫ್ರಮ್ ಯಲ್ಲಾಪುರ' ಅನ್ನುವಷ್ಟರಲ್ಲಿ ಆ ಮನುಷ್ಯ ತಡೆದು, ಓ, ಮಾಗೋಡು ಜಲಪಾತ ಅಲ್ಲೇ ಅಲ್ವಾ, ಹೇಗಿದೆ ಹೇಳಿ ಅಂದ. ಪ್ರೀತಿಯಿಂದಲೇ ಕೇಳಿದ್ದು. ನಾನು ಕಲ್ಲಾದೆ. ಮಾಗೋಡಿಗೆ ನೂರು ಸಲ ಹೋಗಿದ್ದೇನೆ. 'ಇಟ್ ಈಸ್ ಗುಡ್ ಸರ್. ವಾಟರ್ ಈಸ್ ಕಮಿಂಗ್' ಅಂದೆ. ಆಮೇಲೆ ಉಳಿದ ಬಾಯಿಪಾಠವೂ ಮರೆತುಹೋಯಿತು. ಕೆಲಸ ಸಿಗಲಿಲ್ಲ.

ಒಂದೇ ಸಮಾಧಾನ, ವಾಟರ್ ನಿಜಕ್ಕೂ ಬರುತ್ತಿತ್ತು.

ಅರ್ಥಧಾರಿ · ಬೆಳಿಗ್ಗೆ 11:20

ಹೊನ್ನಾವರ ಕಡೆಯವ. ಬ್ಯಾಂಕಿನಲ್ಲಿ ಕೆಲಸ, ರಾತ್ರಿ ತಾಳಮದ್ದಲೆಯ ಹುಚ್ಚು. ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ.

ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ನಾವು ಕೂತಲ್ಲೇ ಅರ್ಥ ಹೇಳಬೇಕು. ಬರೆದಿಟ್ಟ ಮಾತು ಯಾವುದೂ ಇಲ್ಲ. ಎದುರಿಗೆ ಕೂತವನು ಯಾವ ಕಡೆಯಿಂದ ಹೊಡೆಯುತ್ತಾನೆ ಅಂತ ಗೊತ್ತಿಲ್ಲ. ಕೃಷ್ಣ ಸಂಧಾನದಲ್ಲಿ ಕೌರವ ಆಗಿ ನಾನು ಮುಕ್ಕಾಲು ಗಂಟೆ ಕೃಷ್ಣನ ಹತ್ತಿರ ವಾದ ಮಾಡಿದ್ದೇನೆ. ಅದೇ ನಾನು, ಬ್ಯಾಂಕಿನ ರೀಜನಲ್ ಮೀಟಿಂಗಿನಲ್ಲಿ ಡೆಪಾಸಿಟ್ ಯಾಕೆ ಕಡಿಮೆ ಆಯಿತು ಅಂತ ಇಂಗ್ಲಿಷಲ್ಲಿ ಕೇಳಿದರೆ 'ಸರ್, ಆಕ್ಚುಲಿ ಸರ್, ಬೇಸಿಕಲಿ ಸರ್'. ಹಾಗಾದರೆ ಕಾನ್ಫಿಡೆನ್ಸ್ ಅನ್ನುವುದು ಮನುಷ್ಯನ ಒಳಗೆ ಟ್ಯಾಂಕಿನ ಹಾಗೆ ತುಂಬಿಕೊಂಡಿರುವ ವಸ್ತು ಅಲ್ಲ. ಇದ್ದಿದ್ದರೆ ಕೌರವನ ಟ್ಯಾಂಕಿನಿಂದ ಸ್ವಲ್ಪ ಬ್ಯಾಂಕಿಗೆ ತರುತ್ತಿದ್ದೆ.

ಮೊದಲ ಸಲ ನಾನು ಕೂತದ್ದು ದೂತನ ಪಾತ್ರಕ್ಕೆ. ಹದಿನಾರು ವರ್ಷ. ಎರಡೇ ಮಾತು ಇತ್ತು. ಎರಡನ್ನೂ ಮರೆತೆ. ಎದುರಿಗೆ ದೇವಸ್ಥಾನದ ಅಂಗಳ ತುಂಬಾ ಊರವರು. ಭಾಗವತರು ನನ್ನ ಮುಖ ನೋಡಿದರು, ಏನೂ ಆಗಿಲ್ಲ ಅನ್ನುವ ಹಾಗೆ ಅದೇ ಪದ್ಯವನ್ನು ಇನ್ನೊಂದು ಸಲ ಎತ್ತಿದರು. ಮದ್ದಲೆಯವರೂ ಜೊತೆಗೆ ನುಡಿಸಿದರು. ಪದ್ಯ ಮುಗಿಯುವಷ್ಟರಲ್ಲಿ ನನಗೆ ಮಾತು ಸಿಕ್ಕಿತು. ಸಭೆಗೆ ಗೊತ್ತೇ ಆಗಲಿಲ್ಲ. ಅವತ್ತು ಅವರು ಮದ್ದಲೆ ನಿಲ್ಲಿಸಿ 'ಮಾತು ಬರಲ್ವೇನೋ' ಅಂದಿದ್ದರೆ ನಾನು ಇವತ್ತು ಬರೀ ಬ್ಯಾಂಕಿನವನಾಗಿರುತ್ತಿದ್ದೆ.

ನಿಮ್ಮ ಕ್ಲಾಸಿನಲ್ಲಿ ಪದ್ಯ ಎತ್ತುವವರು ಯಾರೂ ಇರಲಿಲ್ಲ. ಅಷ್ಟೇ ಆದದ್ದು.

ಸುಂಕೇರಿ ಹುಡುಗಿ · ಬೆಳಿಗ್ಗೆ 11:41

ಇದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್.

ಬಿ.ಎಡ್. ಬವಣೆ · ಮಧ್ಯಾಹ್ನ 1:10

@ಅರ್ಥಧಾರಿ, ನೀವು ಗೊತ್ತಿಲ್ಲದೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಹೇಳಿದ್ದನ್ನೇ ಹೇಳಿದಿರಿ. 1977ರಲ್ಲಿ ಅವರು ಬರೆದದ್ದು ಇದೇ: 'ನನ್ನಿಂದ ಆಗುತ್ತದೆ' ಅನ್ನುವ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಬೇರೆ ಇರುತ್ತದೆ. ಈಜುವವನ ಧೈರ್ಯ ಮರ ಹತ್ತೋಕೆ ಬರಲ್ಲ. ಆ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಅಂದರೆ ಆ ಕೆಲಸವನ್ನೇ ಸಣ್ಣದಾಗಿ ಮಾಡಿ ಗೆದ್ದ ಅನುಭವ. ನಮ್ಮಂಥವರೇ ಮಾಡಿದ್ದನ್ನು ನೋಡುವುದು ಆಮೇಲೆ. ಬೇರೆಯವರ ಹುರಿದುಂಬಿಸುವ ಮಾತು ಇನ್ನೂ ಆಮೇಲೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಅನ್ನುವುದೂ ಲೆಕ್ಕಕ್ಕಿದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ಮೂರನೆಯದನ್ನು ಮಾತ್ರ ಮಾರುತ್ತಾರೆ. 'ಯು ಕ್ಯಾನ್ ಡು ಇಟ್' ಅಂತ.

ದೂತ ಆದ ಮೇಲೆ ವಿದುರ, ಆಮೇಲೆ ಕೌರವ. ಯಾರನ್ನೂ ಮೊದಲ ದಿನವೇ ಕೌರವ ಮಾಡಲ್ಲ ಅಲ್ವಾ? ಕಾಲೇಜಿನಲ್ಲಿ ಮೂರು ವರ್ಷ ಒಂದು ಮಾತೂ ಆಡಿಸದೆ ನೇರ ಸೆಮಿನಾರಿಗೆ ನಿಲ್ಲಿಸುತ್ತಾರೆ.

ನೇರ ಮಾತು · ಮಧ್ಯಾಹ್ನ 1:25

ಕೌರವ ಆಗೋಕೆ ಅರ್ಥಧಾರಿಯವರು ಭಾರತ ಓದಿರಲೇಬೇಕು. ನಾನು ಹೇಳುವುದೂ ಅದೇ. ಓದು.

ಅರ್ಥಧಾರಿ · ಮಧ್ಯಾಹ್ನ 1:32

ಅದು ಸರಿ, ಓದದೆ ಆಗಲ್ಲ. ಆದರೆ ಭಾರತ ಅರೆದು ಕುಡಿದವರು ನಮ್ಮೂರಲ್ಲಿ ಮೂರು ಜನ ಇದ್ದಾರೆ. ಅರ್ಥಕ್ಕೆ ಕೂತರೆ ಒಬ್ಬರಿಗೂ ಬಾಯಿ ಬರಲ್ಲ.

ಹಳೇ ಮೇಷ್ಟ್ರು · ಸಂಜೆ 5:50

ಜಿಲ್ಲೆಯ ಬೇರೆ ಬೇರೆ ಕಾಲೇಜುಗಳಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವ ನಾನು. ನನ್ನದೊಂದು ತಪ್ಪೊಪ್ಪಿಗೆ ಇದೆ.

ಮೊದಲ ವರ್ಷಗಳಲ್ಲಿ ನನಗೆ ತಪ್ಪು ತಿದ್ದುವ ಚಟ. ವಾಕ್ಯ ಮುಗಿಯೋಕೂ ಬಿಡುತ್ತಿರಲಿಲ್ಲ. ಒಮ್ಮೆ ಅಂಕೋಲೆ ಕಡೆಯ ಒಬ್ಬ ಹುಡುಗ, ಬಹಳ ಮೆತ್ತಗಿನವ, ಎದ್ದು ನಿಂತು 'ಸರ್, ಐ ಡಿಡ್ ನಾಟ್ ವೆಂಟ್' ಅಂದ. ನಾನು ಗಟ್ಟಿಯಾಗಿ 'ಗೋ!' ಅಂದೆ. ವೆಂಟ್ ಅಲ್ಲ, ಗೋ ಅಂತ ನನ್ನ ಅರ್ಥ. ಹುಡುಗ ಪುಸ್ತಕ ಎತ್ತಿಕೊಂಡು ಹೊರಗೆ ಹೋಗಿಬಿಟ್ಟ. ಕ್ಲಾಸ್ ನಕ್ಕಿತು, ನಾನೂ ನಕ್ಕೆ. ಎಷ್ಟೋ ವರ್ಷ ಸ್ಟಾಫ್ ರೂಮಿನಲ್ಲಿ ಇದನ್ನು ಜೋಕಾಗಿ ಹೇಳುತ್ತಿದ್ದೆ. ಆ ಹುಡುಗ ಆಮೇಲೆ ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟನಾ ಅಂತ ಯೋಚನೆ ಬಂದದ್ದು ನಿವೃತ್ತಿಯಾದ ಮೇಲೆ. ಬಿಟ್ಟ ನೆನಪಿಲ್ಲ.

ಇನ್ನೊಂದು ವಿಷಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. 'ಮೀನು ಆ ಕಾಲದಲ್ಲಿ ದಡದ ಹತ್ತಿರ ಮೊಟ್ಟೆ' ಅನ್ನುವವರೆಗೆ 'ಇಡುತ್ತದೆ'ಗೆ ಯೋಚಿಸೋಕೆ ಸಮಯ ಇದೆ. ಇಂಗ್ಲಿಷಿನಲ್ಲಿ ಮೀನು ಅಂದ ಕೂಡಲೇ ಕ್ರಿಯಾಪದ ಬೇಕು. ತಲೆಯಲ್ಲಿ ಕನ್ನಡ ವಾಕ್ಯ ಕಟ್ಟಿ ಆಮೇಲೆ ತಿರುಗಿಸಲು ಹೋದವರು ಎರಡನೇ ಪದಕ್ಕೇ ಸಿಕ್ಕಿಬೀಳುತ್ತಾರೆ. ನಮ್ಮ ಮಕ್ಕಳು ದಡ್ಡರಾಗಿ ತಡವರಿಸುವುದಲ್ಲ.

ಎನ್. ಎಸ್. ಪ್ರಭು ಅಂತ ಒಬ್ಬರು 1979ರಿಂದ 84ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಬ್ಯಾಂಗಲೋರ್ ಪ್ರಾಜೆಕ್ಟ್ ಅಂತಲೇ ಹೊರದೇಶದಲ್ಲೂ ಹೆಸರು. ವ್ಯಾಕರಣ ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು, ಇದನ್ನು ಬಿಡಿಸಿ ಅಂತ ಇಂಗ್ಲಿಷಲ್ಲಿ ಕೆಲಸ ಹಚ್ಚುತ್ತಿದ್ದರು. ಮನಸ್ಸು ಕೆಲಸದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ನಮ್ಮ ಘಟ್ಟದ ಮೇಲಿನವರ ಗ್ಯಾಸ್ ಸಿಲಿಂಡರು ಅದೇ ತಾನೇ?

ಘಟ್ಟದ ಮೇಲಿನವ · ಸಂಜೆ 6:15

ನನ್ನ ಸಿಲಿಂಡರ್ ಇಷ್ಟು ದೊಡ್ಡ ವಿದ್ವಾಂಸರವರೆಗೆ ಹೋಯಿತಾ 🙏

ಮೇಷ್ಟ್ರೇ, ಇನ್ನೊಂದು ಇದೆ. 'ಯು'. ಸರ್‌ಗೆ 'ಯು' ಅನ್ನೋಕೆ ನನಗೆ ಇವತ್ತಿಗೂ ನಾಲಿಗೆ ಏಳಲ್ಲ. ನೀನು ಅಂದ ಹಾಗೆ ಕೇಳುತ್ತದೆ. 'ಸರ್, ಸರ್ ಹ್ಯಾಸ್ ಟೋಲ್ಡ್ ದಟ್ ಸರ್' ಅಂತ ಸುತ್ತಿ ಬಳಸಿ ಹೇಳುತ್ತಿದ್ದೆ.

ಕಾಳಿ ದಡ · ಸಂಜೆ 6:40

ಮೋಟಿವೇಶನ್ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಾರವಾರದಲ್ಲಿ ಇಂಗ್ಲಿಷ್ ಯಾರಿಗೆ ಬೇಕು ಹೇಳಿ? ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿಯೂ ನಡೆಯುತ್ತದೆ, ನೇವಿಯವರು ಬಂದರೆ ಹಿಂದಿ. ನಾಲ್ಕು ಭಾಷೆ ಭಯ ಇಲ್ಲದೆ ಆಡುತ್ತೇವೆ. ಹಿಂದಿ ತಪ್ಪಾದರೆ ಯಾರಾದರೂ ನಗುತ್ತಾರಾ? ಇಲ್ಲ. ಐದನೆಯದಕ್ಕೆ ಮಾತ್ರ ಗಂಟಲು ಹಿಡಿಯುತ್ತದೆ. ಯಾಕೆಂದರೆ ಅದಕ್ಕೆ ಮಾತ್ರ ಮಾರ್ಕ್ಸ್ ಇದೆ, ಅಂತಸ್ತು ಇದೆ.

ಬಿ.ಎಡ್. ಬವಣೆ · ಸಂಜೆ 7:05

ಒಳ್ಳೆ ಮಾತು. ಗಾರ್ಡ್ನರ್ ಮತ್ತು ಲ್ಯಾಂಬರ್ಟ್ 1959ರಲ್ಲಿ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುವ ಮಕ್ಕಳನ್ನು ನೋಡಿದರು. ಆ ಜನರ ಜೊತೆ ಬೆರೆಯೋಕೆ ಕಲಿಯುವವರು, ಕೆಲಸಕ್ಕಾಗಿ ಕಲಿಯುವವರು ಅಂತ ಎರಡು ಥರ ಮಾಡಿದರು. ಆದರೆ ಮಾಂಟ್ರಿಯಲ್‌ನಲ್ಲಿ ರಸ್ತೆಗಿಳಿದರೆ ಫ್ರೆಂಚರು ಸಿಗುತ್ತಾರೆ. ಅಂಕೋಲೆಯಲ್ಲಿ ರಸ್ತೆಗಿಳಿದರೆ ಬೆರೆಯೋಕೆ ಇಂಗ್ಲಿಷಿನವರು ಎಲ್ಲಿ? ಅದಕ್ಕೇ ಹಂಗೇರಿ ಮೂಲದ ಡೋರ್ನಿಯೆ 2005ರಲ್ಲಿ ಬೇರೆ ದಾರಿ ಹಿಡಿದರು. ಆ ಭಾಷೆ ಆಡುವ ಮುಂದಿನ 'ನಾನು' ನನ್ನ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತೇನೆ ಅನ್ನುವುದು ಮುಖ್ಯ ಅಂದರು. ಅಪ್ಪ ಅಮ್ಮ ಹೇಳಿದ್ದಕ್ಕೆ, ಫೇಲಾಗಬಾರದು ಅನ್ನುವುದಕ್ಕೆ ಕಲಿಯುವುದು ಬೇರೆಯೇ.

ನನ್ನ ವೈಯಕ್ತಿಕ ಅಭಿಪ್ರಾಯ: ನಮ್ಮ ಹುಡುಗರಿಗೆ ಆ ಮುಂದಿನ 'ನಾನು' ಕಾಣುವುದು ಯೂಟ್ಯೂಬ್‌ನಲ್ಲಿ ಮಾತ್ರ, ಅದೂ ಕೋಟು ಹಾಕಿಕೊಂಡು. ಬಂಗಡೆ ಬುಟ್ಟಿ ಪಕ್ಕ ನಿಂತು ಇಂಗ್ಲಿಷ್ ಮಾತಾಡುವ ನಾನು ಯಾರಿಗೂ ಕಂಡಿಲ್ಲ.

ಬಂಗಡೆ ಫ್ರೈ · ಸಂಜೆ 7:09

ನನ್ನ ಹೆಸರು ಬಂತು. ಹಾಜರ್ ಮೇಡಂ.

ಹಳೇ ಮೇಷ್ಟ್ರು · ರಾತ್ರಿ 8:30

ಕಾರವಾರ ಅಂದಾಗ ನೆನಪಾಯಿತು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ರವೀಂದ್ರರು ಬಂದು ಉಳಿದಿದ್ದರು. ಬೀಚಿಗೆ ಅವರ ಹೆಸರಿರುವುದು ಅದಕ್ಕೇ. ಅದೇ ಸತ್ಯೇಂದ್ರನಾಥರ ಮಗಳು ಇಂದಿರಾದೇವಿಗೆ 1913ರಲ್ಲಿ ಅವರು ಬರೆದ ಕಾಗದವೊಂದಿದೆ. ನನಗೆ ಇಂಗ್ಲಿಷ್ ಬರೆಯೋಕೆ ಬರಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಯಾರಾದರೂ ಇಂಗ್ಲಿಷಲ್ಲಿ ಚಹಾಕ್ಕೆ ಕರೆದು ಚೀಟಿ ಕಳಿಸಿದರೆ ಉತ್ತರ ಬರೆಯುವ ಧೈರ್ಯವೂ ನನಗಿರಲಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದೇ ವರ್ಷ ನೊಬೆಲ್ ಬಂತು, ಇಂಗ್ಲಿಷ್ ಗೀತಾಂಜಲಿ ಓದಿದವರಿಂದ.

ನೇರ ಮಾತು · ರಾತ್ರಿ 8:36

ಟ್ಯಾಗೋರ್ ಲಂಡನ್ನಿನಲ್ಲಿ ಓದಿದವರು ಮೇಷ್ಟ್ರೇ. ನಮ್ಮ ಹುಡುಗಿಗೆ ಹೋಲಿಸಬೇಡಿ.

ಹಳೇ ಮೇಷ್ಟ್ರು · ರಾತ್ರಿ 8:44

ಲಂಡನ್ನಿಗೆ ಹೋಗಿ ಬಂದವರಿಗೇ ಚಹಾ ಚೀಟಿಗೆ ಅಂಜಿಕೆ ಇತ್ತು ಅಂತಲೇ ನಾನು ಹೇಳುತ್ತಿರುವುದು.

ಕಾಳಿ ದಡ · ರಾತ್ರಿ 8:50

ಟ್ಯಾಗೋರ್ ಬೀಚ್ ಅಂದರಲ್ಲ, ಭಾನುವಾರ ಅಲ್ಲಿ ಪಾರ್ಕಿಂಗ್ ಸಿಗಲ್ಲ. 2024ರಲ್ಲಿ ಕಾಳಿಯ ಹಳೇ ಸೇತುವೆ ಬಿದ್ದಾಗಿಂದ ಸದಾಶಿವಗಡದ ಕಡೆಯಿಂದ ಬರುವುದೇ ಒಂದು ಕಥೆ.

ನಿರ್ವಾಹಕ · ರಾತ್ರಿ 8:58

ಸೇತುವೆಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಹೋಗಿ. ಮೀನುಗಾರಿಕೆ ನಿಷೇಧದಲ್ಲಿ ನಾಡದೋಣಿಗೆ ವಿನಾಯಿತಿ ಇದೆ ಅಂತ ನನಗೆ ಮೆಸೇಜ್ ಮಾಡಿದ ಮೂವರಿಗೂ ಉತ್ತರ: ಅವರು ಬೋಟು ಅಂತಲೇ ಬರೆದಿದ್ದಾರೆ.

ಭಟ್ಕಳ ಮಲ್ಲಿಗೆ · ರಾತ್ರಿ 9:30

ಕೆಲಸಕ್ಕೆ ಬರುವ ಒಂದು ಉಪಾಯ ಹೇಳಲಾ? ನನ್ನ ಕಸಿನ್ ದುಬೈಯಲ್ಲಿ ಹುಟ್ಟಿ ಬೆಳೆದವಳು. ಅವಳಿಗೆ ವಾಟ್ಸಾಪ್‌ನಲ್ಲಿ ದಿನಾ ಒಂದು ವಾಯ್ಸ್ ನೋಟ್ ಕಳಿಸುತ್ತೇನೆ, ಇಂಗ್ಲಿಷಲ್ಲಿ. ವಿಷಯ ಏನೂ ಇರಲ್ಲ. ಇವತ್ತು ಬಸ್ಸು ತಪ್ಪಿತು, ಚಿಕ್ಕಮ್ಮ ಬೈದರು, ಅಷ್ಟೇ. ಇದರ ಸುಖ ಏನೆಂದರೆ ಅಳಿಸಬಹುದು. ಮೊದಲ ದಿನ ನಲವತ್ತು ಸೆಕೆಂಡಿಗೆ ಹನ್ನೊಂದು ಸಲ ರೆಕಾರ್ಡ್ ಮಾಡಿದೆ. ಈಗ ಎರಡು ಸಲಕ್ಕೆ ಮುಗಿಯುತ್ತದೆ. ಎದುರಿಗೆ ಮುಖ ಇಲ್ಲ, ನಗು ಕೇಳಲ್ಲ. ಆದರೆ ಕೇಳುವವರು ಒಬ್ಬರು ಇದ್ದಾರೆ ಅಂತ ಗೊತ್ತಿರುತ್ತದೆ. ಕನ್ನಡಿ ಮುಂದೆ ಮಾತಾಡಿ ಅಂತಾರಲ್ಲ, ಅದು ನನಗೆ ಆಗಲೇ ಇಲ್ಲ. ಕನ್ನಡಿಯಲ್ಲಿ ಮೊಡವೆ ಕಾಣುತ್ತದೆ, ಇಂಗ್ಲಿಷ್ ಮರೆತುಹೋಗುತ್ತದೆ.

ಯಲ್ಲಾಪುರ ಘಟ್ಟ · ರಾತ್ರಿ 9:52

ನಾವು ನಾಲ್ಕು ಜನ ಯಾಕೆ ಒಂದು ಗುಂಪು ಮಾಡಬಾರದು? ವಾರಕ್ಕೊಮ್ಮೆ. ಒಂದೇ ನಿಯಮ: ವಾಕ್ಯ ಮುಗಿಯುವವರೆಗೆ ಯಾರೂ ತಿದ್ದಬಾರದು.

ಅರ್ಥಧಾರಿ · ರಾತ್ರಿ 10:03

ಸಿಕ್ಕಿಬಿದ್ದರೆ ಪಕ್ಕದವರು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕು. ಅಷ್ಟರಲ್ಲಿ ಮಾತು ಸಿಗುತ್ತದೆ. ನಂಬಿ.

ಸುಂಕೇರಿ ಹುಡುಗಿ · ಮೂರು ವಾರದ ನಂತರ, ಶುಕ್ರವಾರ, ರಾತ್ರಿ 9:20

ಕೆಲವರು ಏನಾಯಿತು ಅಂತ ಕೇಳಿದ್ದರು.

ಗುಂಪು ಶುರುವಾಗಿದೆ. ಶನಿವಾರ ಸಂಜೆ ಬೀಚ್ ಹತ್ತಿರ ಸೇರುತ್ತೇವೆ. ಬರುತ್ತೇನೆ ಅಂದವರು ಒಂಬತ್ತು, ಬಂದವರು ನಾಲ್ಕು. ಯಲ್ಲಾಪುರದವರು ಅಷ್ಟು ದೂರದಿಂದ ಒಂದೇ ಸಲ ಬಂದರು, ಆಮೇಲೆ ವಿಡಿಯೋ ಕಾಲ್. ಮಾಗೋಡಿನ ಬಗ್ಗೆ ಪೂರ್ತಿ ನಾಲ್ಕು ನಿಮಿಷ ಹೇಳಿದರು, ಈ ಸಲ ವಾಟರ್ ಬಿದ್ದಿತು ಕೂಡ. ಇಲ್ಲಿ ಇಷ್ಟು ವಟಗುಟ್ಟುವ ಬಂಗಡೆ ಫ್ರೈ ಅಲ್ಲಿ ಬಂದು ಮೊದಲ ದಿನ ಒಂದು ಮಾತೂ ಆಡಲಿಲ್ಲ. ಕಡಲೆ ತಿಂದು ಎದ್ದು ಹೋದ.

ಮೊದಲ ಶನಿವಾರ ನನಗೂ ಕಷ್ಟವಾಯಿತು. ಒಬ್ಬರು ನನ್ನ ಹತ್ತಿರ ಅಪ್ಪನ ಬೋಟಿನ ಬಗ್ಗೆ ಕೇಳಿದರು. ಬಲೆ ಹೇಗೆ ಹೊಲಿಯುತ್ತಾರೆ ಅಂತ ಹೇಳೋಕೆ ಹೋಗಿ ಇಂಗ್ಲಿಷ್ ಪದ ಸಿಗದೆ ಕೈಯಲ್ಲೇ ಗಂಟು ಹಾಕಿ ತೋರಿಸಿದೆ. ಎಲ್ಲರಿಗೂ ಅರ್ಥವಾಯಿತು. ಅದರ ಮೇಲೆ ಇನ್ನೂ ಪ್ರಶ್ನೆ ಕೇಳಿದರು.

ಈ ವಾರ ಕ್ಲಾಸಿನಲ್ಲಿ ಜರ್ನಲ್ ಕ್ಲಬ್ ಇತ್ತು, ಸಂಶೋಧನಾ ಲೇಖನ ಓದಿ ಚರ್ಚೆ ಮಾಡುವುದು. ನಾನೇ ಕೈ ಎತ್ತಿ ಒಂದು ಪ್ರಶ್ನೆ ಕೇಳಿದೆ. ಮಧ್ಯದಲ್ಲಿ ನಿಂತುಹೋಯಿತು. 'ವನ್ ಮಿನಿಟ್ ಮೇಡಂ' ಅಂತ ಹೇಳಿ ಸುಮ್ಮನೆ ನಿಂತೆ. ಮೇಡಂ ಕಾದರು. ಆಮೇಲೆ ಬಂತು, ತಪ್ಪು ಗ್ರಾಮರಿನಲ್ಲೇ. ಕೈ ನಡುಗುತ್ತಲೇ ಇತ್ತು. ಪಾಯಿಂಟರ್ ಇರಲಿಲ್ಲ, ಯಾರಿಗೂ ಕಾಣಲಿಲ್ಲ.

ಅವತ್ತು ಮೊದಲು ನಕ್ಕವಳು ಯಾರು ಅಂತಲೂ ಗೊತ್ತಾಯಿತು. ಮುಂದಿನ ಗುರುವಾರ ಅವಳ ಸೆಮಿನಾರ್. ನಾನು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ.

ನೇರ ಮಾತು · ರಾತ್ರಿ 9:27

ಓದು ನಿಲ್ಲಿಸಬೇಡಿ.

ಬಂಗಡೆ ಫ್ರೈ · ರಾತ್ರಿ 9:31

ಮುಂದಿನ ಬೆಂಚಾ! ಜೋರಾಗಿ ನಕ್ಕುಬಿಡು. ಸೇಡು.

ಸುಂಕೇರಿ ಹುಡುಗಿ · ರಾತ್ರಿ 9:33

ಇಲ್ಲ ಮಾರಾಯ. ಪದ್ಯ ಎತ್ತೋಕೆ ಯಾರಾದರೂ ಬೇಕಲ್ಲ. ನೀನು ನಾಳೆ ಬರುತ್ತೀಯಾ ಇಲ್ವಾ?

ಬಂಗಡೆ ಫ್ರೈ · ರಾತ್ರಿ 9:46

ಎಷ್ಟು ಗಂಟೆಗೆ? ಕಡಲೆ ನಾನೇ ತರುತ್ತೇನೆ. ಮಾತಾಡು ಅಂತ ಮಾತ್ರ ಒತ್ತಾಯ ಮಾಡಬೇಡಿ, ನಾನೇ ಶುರು ಮಾಡುತ್ತೇನೆ.

ಸುಂಕೇರಿ ಹುಡುಗಿ · ರಾತ್ರಿ 9:47

ಐದೂವರೆ.